ನೀಲಿ ಫ್ಲಾಪಿಯ ದಿಗ್ವಿಜಯ

ಹಳೆಯದೆಲ್ಲ ಕೆಲಸಕ್ಕೆ ಬಾರದ್ದು ಎಂದು ಯಾರಾದರೂ ನನ್ನೆದುರು ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ನಾನೂ ಆ ಗುಂಪಿಗೆ ಸೇರುವ ಹೊಸ್ತಿಲಲ್ಲಿ ನಿಂತಿರುವುದಕ್ಕೂ ಈ ಉರಿಗೂ ಯಾವ ಸಂಬಂಧವೂ ಇಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ಶುಕ್ರವಾರ ಮಧ್ಯಾಹ್ನ ನಮ್ಮ ವಿಮಾ ಕಚೇರಿಯಲ್ಲಿ ಊಟದ ಡಬ್ಬಿ ಬಿಚ್ಚಿ ಕೂತಿದ್ದಾಗ ನಾನು ಫ್ಲಾಪಿಗಳ ಕಾಲವನ್ನು ನೆನೆದದ್ದಕ್ಕೆ ಇಂಥದ್ದೇ ಮಾತು ಬಂತು. ಆಡಿದವನು ಕಂಪ್ಯೂಟರ್ ವಿಭಾಗದ ಹೊಸ ಅಧಿಕಾರಿ. ಯಾರು ಯಾವ ತೊಂದರೆ ಹೇಳಿಕೊಂಡು ಹೋದರೂ "ಅಪ್‌ಡೇಟ್ ಮಾಡಿ ಸರ್" ಎನ್ನುವುದರಿಂದ ಇಡೀ ಕಚೇರಿ ಅವನನ್ನು ಅಪ್‌ಡೇಟ್ ಎಂದೇ ಕರೆಯುತ್ತದೆ.

"ಫ್ಲಾಪಿನಾ ಸರ್? ಅದೀಗ ಸೇವ್ ಬಟನ್ ಮೇಲಿರೋ ಚಿತ್ರ ಮಾತ್ರ," ಎಂದ. "ನಿಜವಾದ್ದು ಎಲ್ಲಾದ್ರೂ ಉಳಿದಿದ್ರೂ ಒಳಗೆ ಏನಿರುತ್ತೆ? ಬೂಷ್ಟು."

ನನ್ನ ಕೈಯಲ್ಲಿದ್ದ ತುತ್ತು ಅರ್ಧ ದಾರಿಯಲ್ಲೇ ನಿಂತಿತು. ಈ ಕಚೇರಿಗೆ ಮೊದಲ ಕಂಪ್ಯೂಟರು ಬಂದ ದಿನ, ಮುಟ್ಟಿದರೆ ಎಲ್ಲಿ ಶಾಕ್ ಹೊಡೆಯುತ್ತದೋ ಎಂದು ಎಲ್ಲರೂ ಗೋಡೆಗೆ ಅಂಟಿಕೊಂಡಿದ್ದಾಗ, ಎದೆ ಸೆಟೆಸಿ ಮುಂದೆ ಹೋಗಿ ಅದರ ಬಾಯಿಗೆ ಮೊದಲ ಫ್ಲಾಪಿ ಇಟ್ಟ ಧೀರ ನಾನು! ತಲೆಕೆಳಗಾಗಿ ಇಟ್ಟಿದ್ದೆ ಎನ್ನುವುದು ಬೇರೆ ಮಾತು.

"ನೋಡಪ್ಪಾ, ನನ್ನ ಮನೇಲಿ ಆ ಕಾಲದ ಕಂಪ್ಯೂಟರಿದೆ. ಅದನ್ನ ನಡೆಸೋ ಆಪರೇಟಿಂಗ್ ಸಿಸ್ಟಮ್ಮು ಫ್ಲಾಪೀಲಿದೆ. ಭಾನುವಾರ ಸಂಜೆ ಬಾ. ನಿನ್ನ ಕಣ್ಣೆದುರೇ ಎಬ್ಬಿಸಿ ಕೂರಿಸ್ತೀನಿ."

"ಏಳದಿದ್ರೆ ಸರ್?"

"ಏಳದಿದ್ರೆ ಇನ್ಮೇಲೆ ನೀನು ಹೇಳಿದಾಗೆಲ್ಲ ಅಪ್‌ಡೇಟ್ ಮಾಡ್ತೀನಿ."

ಮೇಜಿನ ಸುತ್ತ ಇದ್ದವರೆಲ್ಲ ಅಗಿಯುವುದನ್ನು ನಿಲ್ಲಿಸಿದರು. ನನ್ನನ್ನು ಬಲ್ಲವರಿಗೆ ಇದು ಭೀಷ್ಮಪ್ರತಿಜ್ಞೆಗಿಂತ ಒಂದು ಕೈ ಮೇಲು ಎಂದು ಗೊತ್ತು.

ಕಚೇರಿಯಲ್ಲಿ ಶಪಥ ಮಾಡುವುದು ಸುಲಭ, ಅದನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳುವುದು ಬೇರೆ ವಿಷಯ. ನಮ್ಮ ನಡುಮನೆಯ ಕಿಟಕಿಯ ಪಕ್ಕದ ಮೂಲೆಯಲ್ಲಿ ಒಂದು ಗಟ್ಟಿ ಮೇಜು, ಅದರ ಮೇಲೆ ಆ ಕಂಪ್ಯೂಟರು, ಧೂಳು ಕೂರದಿರಲೆಂದು ಅದರ ಮೇಲೆ ಹೂವಿನ ಚಿತ್ರದ ಹಳೆಯ ಬೆಡ್‌ಶೀಟು. ಮೊದಲ ಸಲ ಮನೆಗೆ ಬಂದವರು ಒಳಗೆ ಯಾರೋ ಕಾಯಿಲೆಯವರು ಮುಸುಕೆಳೆದು ಕೂತಿದ್ದಾರೆಂದು ದನಿ ತಗ್ಗಿಸಿ ಮಾತಾಡುತ್ತಾರೆ. ಆ ಮೂಲೆಯ ಮೇಲೆ ನನ್ನ ಹೆಂಡತಿಯ ಕಣ್ಣು ಬಿದ್ದು ವರ್ಷಗಳಾದವು. ಅವಳಿಗೆ ಪೇಟೆ ಬೀದಿಯಲ್ಲಿ ಎಂಬ್ರಾಯ್ಡರಿ ಅಂಗಡಿಯಿದೆ. ಶಾಲೆ, ಕಾರ್ಖಾನೆ, ಆಸ್ಪತ್ರೆಗಳ ಸಮವಸ್ತ್ರದ ಮೇಲೆ ಮೆಷಿನ್ನಿನಲ್ಲಿ ಲಾಂಛನ ಹೊಲಿದುಕೊಡುವ ವ್ಯಾಪಾರ. ಅಂಗಡಿಯಲ್ಲಿ ಹಿಡಿಯದ ದಾರದ ಉಂಡೆಗಳೆಲ್ಲ ಮನೆಗೆ ಬಂದು ಮಂಚದಡಿ, ಕಪಾಟಿನ ಮೇಲೆ, ನಮ್ಮತ್ತೆಯ ಕೋಣೆಯಲ್ಲಿ ಬೀಡುಬಿಟ್ಟಿವೆ. ಅತ್ತೆ ಅಂದರೆ ನನ್ನ ಹೆಂಡತಿಯ ತಾಯಿ. ನಮ್ಮ ಜೊತೆಗೇ ಇದ್ದಾರೆ, ಮತ್ತು ಸದಾ ಮಗಳ ಪಕ್ಷದಲ್ಲಿ ಇದ್ದಾರೆ.

"ಸರಿ," ಎಂದಳು ಹೆಂಡತಿ, ನನ್ನ ಶಪಥವನ್ನು ಪೂರ್ತಿ ಕೇಳಿ. "ಅದು ಕೆಲಸ ಮಾಡದಿದ್ರೆ ಸೋಮವಾರ ಗುಜರಿಯವನಿಗೆ. ಮೂಲೆ ನನ್ನ ದಾರಕ್ಕೆ."

"ಕೆಲಸ ಮಾಡಿದ್ರೆ?"

"ಮಾಡಿದ್ರೆ ಗುಜರಿಗೆ ಹಾಕೋ ಮಾತನ್ನೇ ಎತ್ತಲ್ಲ."

"ಮಾತು ತಪ್ಪಬಾರದು."

"ನಾನು ಯಾವತ್ತು ತಪ್ಪಿದೀನಿ?"

ಅತ್ತೆ ಕನ್ನಡಕ ಏರಿಸಿಕೊಂಡು ಕೇಳಿದರು. "ಅಳಿಯಂದ್ರೇ, ಅದು ಎದ್ಮೇಲೆ ಏನ್ ಮಾಡುತ್ತೆ?"

"ಎದ್ದಿರುತ್ತೆ ಅತ್ತೆ."

"ಅಷ್ಟೇನಾ? ಅಷ್ಟನ್ನ ನೀವೂ ದಿನಾ ಮಾಡ್ತೀರಲ್ಲ."

ಶನಿವಾರ ನನಗೆ ರಜೆ. ಹೆಂಡತಿಗೆ ಮಾತ್ರ ಉಸಿರಾಡಲೂ ಪುರುಸೊತ್ತಿರಲಿಲ್ಲ. ಊರಿಗೆ ಹೊಸ ಅಗ್ನಿಶಾಮಕ ಠಾಣೆ ಬರುತ್ತಿತ್ತು. ಸೋಮವಾರ ಬೆಳಗ್ಗೆ ಉದ್ಘಾಟನೆ, ಸಿಬ್ಬಂದಿಯ ಅಂಗಿಗಳೆಲ್ಲ ಅವಳ ಅಂಗಡಿಯಲ್ಲಿ. "ಇವತ್ತು ಎಲ್ಲಾ ಇಸ್ತ್ರಿ ಮಾಡಿ ಜೋಡಿಸಿಟ್ಟು, ನಾಳೆ ಬೆಳಗ್ಗಿಂದ ಲಾಂಛನ ಹಾಕೋಕೆ ಶುರು ಮಾಡ್ಬೇಕು. ಸಂಜೆ ಅಂಗಿ ತಗೊಳ್ಳೋಕೆ ಠಾಣಾಧಿಕಾರಿಯೇ ಬರ್ತಾರೆ. ಇದೊಂದು ಸರಿಹೋದ್ರೆ ಉಳಿದ ಠಾಣೆಗಳದ್ದೂ ನಮಗೇ ಕೊಡ್ತಾರಂತೆ," ಎಂದು ಬಾಗಿಲಲ್ಲೇ ಚಪ್ಪಲಿ ಮೆಟ್ಟಿಕೊಂಡು ಹೇಳಿದಳು. ಇಷ್ಟು ದೊಡ್ಡ ಕೆಲಸ ಅವಳಿಗೆ ಹಿಂದೆಂದೂ ಸಿಕ್ಕಿರಲಿಲ್ಲ. ನಾನು "ಹೂಂ" ಎಂದೆ. ನನ್ನ ಮನಸ್ಸೆಲ್ಲ ಬೆಡ್‌ಶೀಟಿನ ಒಳಗಿತ್ತು.

ಅವಳು ಅತ್ತ ಹೋಗುತ್ತಲೇ ಇತ್ತ ಮುಸುಕು ತೆಗೆದೆ. ಸ್ವಿಚ್ ಒತ್ತಿದೆ. ಒಳಗಿನ ಫ್ಯಾನು ವರ್ಷಗಳ ಸಿಟ್ಟನ್ನೆಲ್ಲ ಒಟ್ಟಿಗೇ ಕಾರಿಕೊಂಡಿತು. "ಮಿಕ್ಸಿ ಯಾರು ಹಾಕಿದ್ದು?" ಎಂದು ಅತ್ತೆ ಓಡಿಬಂದರು. ಒಳಗಿದ್ದ ಹಾರ್ಡ್‌ಡಿಸ್ಕು ಒಂದು ಸಲ ಗೊರಕೆ ಹೊಡೆದು ಶಾಶ್ವತವಾಗಿ ಮಲಗಿತು. ಮಲಗಲಿ! ನನ್ನ ಬ್ರಹ್ಮಾಸ್ತ್ರ ಬೇರೆಯೇ ಇತ್ತು. ಕಪಾಟಿನಿಂದ ಫ್ಲಾಪಿ ಪೆಟ್ಟಿಗೆ ಇಳಿಸಿದೆ. ಬೂದು ಬಣ್ಣದವುಗಳಲ್ಲಿ ಆಪರೇಟಿಂಗ್ ಸಿಸ್ಟಮ್ಮು, ನೀಲಿಯವು ಖಾಲಿ. ಆದರೆ ಪೆಟ್ಟಿಗೆಯಲ್ಲಿ ಬೂದು ಮಾತ್ರ ಇದ್ದವು. ನೀಲಿ ಒಂದೂ ಇಲ್ಲ. ಇಲಿ ತಿಂದಿರಬೇಕೆಂದುಕೊಂಡು ಮೊದಲ ಬೂದು ಫ್ಲಾಪಿಯನ್ನು ಸರಿಯಾದ ಮಗ್ಗುಲಲ್ಲೇ ತಳ್ಳಿದೆ.

ಗರ್ರ್ ಎಂದಿತು. ಟಕ್ ಟಕ್ ಎಂದಿತು. ಸ್ವಲ್ಪ ಹೊತ್ತು ಯೋಚಿಸಿತು. ಆಮೇಲೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಒಂದೊಂದೇ ಸಾಲಾಗಿ ಮೂಡಿದವು, ಕೊನೆಗೆ ಪುಟ್ಟ ಗೆರೆಯೊಂದು ಕಣ್ಣು ಮಿಟುಕಿಸತೊಡಗಿತು. ಎಷ್ಟೋ ವರ್ಷಗಳ ಮೇಲೆ ಸಿಕ್ಕ ಗೆಳೆಯ ಗುರುತು ಹಿಡಿದು ಮಾತಾಡಿಸಿದ ಹಾಗಾಯಿತು.

"ಅತ್ತೆ, ಎದ್ದಿತು ಬನ್ನಿ!"

ಅತ್ತೆ ಬಗ್ಗಿ ನೋಡಿದರು. ಬ್ಯಾಟರಿ ಸತ್ತಿದ್ದರಿಂದ ಅದು ಇವತ್ತಿನ ತಾರೀಖು ಸಾವಿರದ ಒಂಬೈನೂರ ಎಂಬತ್ತರ ಜನವರಿ ಒಂದು ಎಂದು ತೋರಿಸುತ್ತಿತ್ತು.

"ಹಾಗಾದ್ರೆ ನಿಮಗಿನ್ನೂ ಮದುವೆ ಆಗಿಲ್ಲ ಅಳಿಯಂದ್ರೇ," ಎಂದರು ಅತ್ತೆ. "ಇನ್ನೊಂದ್ಸಲ ಯೋಚನೆ ಮಾಡೋಕೆ ನನ್ನ ಮಗಳಿಗೆ ಟೈಮಿದೆ."

ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಗೆದ್ದವನು ಇಂಥದ್ದನ್ನೆಲ್ಲ ಕೇಳಿಸಿಕೊಳ್ಳಬಾರದು. ಆದರೆ ಗೆಲುವು ಇಷ್ಟಕ್ಕೇ ನಿಲ್ಲುವುದು ನನಗೆ ಸಾಲಲಿಲ್ಲ. ಖಾಲಿ ಫ್ಲಾಪಿಯೊಂದರ ಒಳಗೆ "ಸುಸ್ವಾಗತ, ಅಪ್‌ಡೇಟ್ ಅವರೇ" ಎಂದು ಬರೆದು, ಅವನ ಎದುರೇ ಅದನ್ನು ತೆರೆದು ತೋರಿಸಬೇಕು ಎನ್ನಿಸಿತು. ಖಾಲಿ ಫ್ಲಾಪಿಗಾಗಿ ಮನೆಯೆಲ್ಲ ಜಾಲಾಡಿದೆ. ಕೊನೆಗೆ ಸಿಕ್ಕಿತು, ಎಲ್ಲಿ? ಹೆಂಡತಿಯ ಗುಂಡಿ, ಸೂಜಿ ಇಡುವ ತಗಡಿನ ಡಬ್ಬಿಯಲ್ಲಿ. ನನ್ನದೇ ನೀಲಿ ಫ್ಲಾಪಿ!

ಅದರ ಮೇಲೆ ಬಿಳಿ ಚೀಟಿ ಅಂಟಿಸಿ ಯಾರೋ ಕೆಂಪು ಪೆನ್ನಿನಲ್ಲಿ ಉರಿಯುವ ಬೆಂಕಿಯ ಚಿತ್ರ ಬರೆದಿದ್ದರು. ಅಕ್ಷರವಿಲ್ಲ, ಬೆಂಕಿ ಮಾತ್ರ. ಗ್ಯಾಸ್ ಲಾರಿಯ ಹಿಂಭಾಗದಲ್ಲಿ ಇರುತ್ತದಲ್ಲ, ಅಂಥದ್ದು. ಮುಟ್ಟಿದರೆ ಅಪಾಯ ಎನ್ನುವ ಗುರುತು. ನನಗೆ ಅನುಮಾನ ಬಂತು. ಕಂಪ್ಯೂಟರಿಗೆ ತುರುಕಿ ಒಳಗೇನಿದೆ ನೋಡಿದೆ. ಎಂದೂ ಕಂಡಿಲ್ಲದ ಜಾತಿಯ ಒಂದು ಫೈಲು. ತೆರೆದರೆ ಪರದೆಯ ತುಂಬ ಹಲ್ಲು ಕಿರಿಯುವ ಮುಖಗಳು, ಇಸ್ಪೀಟಿನ ಆಟೀನು, ಕಳಾವರ, ಬಾಣದ ಗುರುತು! ಜೊತೆಗೆ ಕಂಪ್ಯೂಟರು ಕೀಂ ಕೀಂ ಎಂದು ಬಾಯಿ ಬಡಿದುಕೊಳ್ಳುತ್ತಿದೆ.

ವೈರಸ್! ಸಂದೇಹವೇ ಇಲ್ಲ. ಆ ಕಾಲದ ವೈರಸ್ಸು ಇಷ್ಟು ವರ್ಷ ನನ್ನ ಮನೆಯಲ್ಲೇ, ಅದೂ ಹೆಂಡತಿಯ ಗುಂಡಿ ಡಬ್ಬಿಯಲ್ಲಿ ಅಡಗಿತ್ತು. ಪುಣ್ಯಕ್ಕೆ ನನ್ನ ಕೈಗೆ ಸಿಕ್ಕಿತು. ನ್ಯಾಯಾಧೀಶನ ಗಾಂಭೀರ್ಯದಿಂದ ಒಳಗಿದ್ದುದನ್ನೆಲ್ಲ ಅಳಿಸುವ ಫಾರ್ಮ್ಯಾಟ್ ಎಂಬ ಆಜ್ಞೆ ಬರೆದು ಕೀಲಿ ಒತ್ತಿದೆ. ಪರದೆಯ ಮೇಲೆ ಏನೋ ಒಂದು ಸಾಲು ಮಿಂಚಿ ಹೋಯಿತು. ಗೆದ್ದವರು ಅಂಥ ಸಣ್ಣ ಸಾಲುಗಳನ್ನು ಓದುತ್ತಾ ಕೂರುವುದಿಲ್ಲ. ಕೆಲಸ ಮುಗಿದ ಮೇಲೆ ಫ್ಲಾಪಿಗೆ ಒಂದು ಹೆಸರು ಕೊಡು ಎಂದಿತು. "ವಿಜಯ" ಎಂದು ಕೊಟ್ಟೆ. ಸ್ವಾಗತ ಬರಹವನ್ನು ಅಪ್‌ಡೇಟ್ ಬಂದಾಗಲೇ ಬರೆದರಾಯಿತು ಎಂದು ಹೋಗಿ ಮಲಗಿ ನಿದ್ದೆ ಹೊಡೆದೆ.

ಭಾನುವಾರ ಬೆಳಗ್ಗೆ ಹೆಂಡತಿ ತಗಡಿನ ಡಬ್ಬಿಯನ್ನು ಎರಡು ಸಲ ತಡಕಿದಳು. ಆಮೇಲೆ ಅದನ್ನು ಚಾಪೆಯ ಮೇಲೆ ಸುರಿದು ತಡಕಿದಳು.

"ರೀ, ಇದರಲ್ಲಿ ನೀಲಿ ಫ್ಲಾಪಿ ಇತ್ತಲ್ಲ, ನೋಡಿದ್ರಾ?"

"ನೋಡದೇ ಏನು? ಅದು ನನ್ನ ಪೆಟ್ಟಿಗೆಯಿಂದ ಹೋಗಿದ್ದು. ಅದರಲ್ಲಿ ವೈರಸ್ ಇತ್ತು ಕಣೇ. ಮೇಲೆ ಅಪಾಯದ ಗುರುತು ಬೇರೆ. ಅಳಿಸಿ ಹಾಕಿದೆ."

"ಅಳಿಸಿದ್ರಾ?"

"ಪೂರ್ತಿ," ಎಂದೆ ಹೆಮ್ಮೆಯಿಂದ. "ಒಂದು ಚೂರೂ ಉಳಿಸಿಲ್ಲ."

ಅವಳು ಸುರಿದ ಗುಂಡಿಗಳ ನಡುವೆಯೇ ಕೂತುಬಿಟ್ಟಳು. "ಅದು ವೈರಸ್ ಅಲ್ಲರೀ. ಅಗ್ನಿಶಾಮಕದವರ ಲಾಂಛನ. ಬೆಂಕಿ, ಅದಕ್ಕೊಂದು ಏಣಿ."

"ಲಾಂಛನಕ್ಕೂ ಫ್ಲಾಪಿಗೂ ಏನು ಸಂಬಂಧ?"

"ನನ್ನ ಮೆಷಿನ್ನಿಗೆ ಡಿಸೈನ್ ಹೋಗೋದು ಫ್ಲಾಪೀಲೇ. ಅದು ಬಿಟ್ರೆ ಅದಕ್ಕೆ ಬೇರೇನೂ ತಿಳಿಯಲ್ಲ. ಇಷ್ಟು ವರ್ಷದಿಂದ ದಿನಾ ಹಾಕ್ತಿದೀನಿ. ಯಾವ ಡಿಸೈನು ಅಂತ ಮೇಲೆ ಚಿತ್ರ ಬರೆದಿಡ್ತೀನಿ, ಹೊಲಿಯೋ ಹುಡುಗೀರಿಗೆ ಥಟ್ಟನೆ ಸಿಗಲಿ ಅಂತ."

ಈ ಭೂಮಿಯ ಮೇಲೆ ಫ್ಲಾಪಿಯ ಮಾನ ಕಾಪಾಡಲು ಉಳಿದಿರುವ ಏಕೈಕ ವೀರ ನಾನೆಂದು ಎದೆ ತಟ್ಟಿಕೊಂಡು ಬಂದಿದ್ದೆ. ಅದು ಪೇಟೆ ಬೀದಿಯಲ್ಲಿ ಹಗಲೆಲ್ಲ ಯಾರ ಹಂಗೂ ಇಲ್ಲದೆ ದುಡಿಯುತ್ತಿತ್ತು! ನಾನು ಆ ಅಂಗಡಿಗೆ ಹೋದದ್ದೆಲ್ಲ ಬಾಗಿಲಲ್ಲಿ ಹಾರ್ನ್ ಹೊಡೆಯಲು. ಒಳಗೆ ಕಾಲಿಟ್ಟಿದ್ದರೆ ತಾನೇ ಕಾಣುವುದು?

"ಅಂದ್ರೆ ನನ್ನ ನೀಲಿ ಫ್ಲಾಪಿಗಳೆಲ್ಲ..."

"ಕೇಳಿಯೇ ತಗೊಂಡಿದ್ದು. ಈಗ ಅಂಗಡೀಲಿ ಎಲ್ಲೂ ಸಿಗಲ್ಲ, ನಿಮ್ಮ ಪೆಟ್ಟಿಗೇಲಿರೋದನ್ನ ತಗೊಳ್ಲಾ ಅಂತ ಪ್ರತಿ ಸಲ ಕೇಳಿದೆ. ಪ್ರತಿ ಸಲ ಪೇಪರ್ ಹಿಂದಿಂದ ಹೂಂ ಅಂದ್ರಿ."

"ಇನ್ನೊಂದು ಕಾಪಿ?"

"ಇಲ್ಲ. ಖಾಲಿ ಫ್ಲಾಪಿ ಮುಗಿದುಹೋಗಿತ್ತು. ಡಿಸೈನ್ ಮಾಡಿಕೊಟ್ಟೋರು ಅಂಗಡಿ ಮುಚ್ಚಿ ಹಡಗಿನಲ್ಲಿ ಪ್ರವಾಸ ಹೋಗಿದ್ದಾರೆ, ಫೋನ್ ಸಿಗಲ್ಲ. ಅಂಗಡೀಲಿಟ್ರೆ ಎಲ್ಲಿ ಕಳೆದುಹೋಗುತ್ತೋ ಅಂತ ಜೋಪಾನ ಮಾಡೋಕೆ ಮನೆಗೆ ತಂದೆ. ಸಂಜೆ ಠಾಣೆಯವರು ಬಂದ್ರೆ ಬರೀ ಅಂಗಿ ಕೊಟ್ಟು ಕಳಿಸ್ಲಾ?"

ಕೊನೆಯ ಮಾತಿಗೆ ಅವಳ ದನಿ ಒಡೆಯಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಅದಕ್ಕೆ ನನಗೆ ಒಳ್ಳೆಯ ಅಭ್ಯಾಸವಿದೆ. ಅವಳು ಬೈಯಲಿಲ್ಲ. ಒಂದೊಂದೇ ಗುಂಡಿಯನ್ನು ಹೆಕ್ಕಿ ಡಬ್ಬಿಗೆ ಹಾಕುತ್ತಿದ್ದಳು.

ಮಾನ ಬಿಟ್ಟು ಅಪ್‌ಡೇಟ್‌ಗೆ ಫೋನ್ ಮಾಡಿದೆ. ಸಂಜೆಗೆ ಬರಬೇಕಾದವನು ಆಗಲೇ ಹಾರಿಬಂದ. ಮಿರಿಮಿರಿ ಮಿಂಚುವ ಲ್ಯಾಪ್‌ಟಾಪು ತೆಗೆದ, ಫ್ಲಾಪಿ ಕೈಗೆ ತಗೊಂಡ, ತೂರಿಸುವ ಜಾಗಕ್ಕಾಗಿ ಲ್ಯಾಪ್‌ಟಾಪನ್ನು ನಾಲ್ಕೂ ಕಡೆ ತಿರುಗಿಸಿದ. ಕೊನೆಗೆ ಬುಡಮೇಲು ಮಾಡಿಯೂ ನೋಡಿದ.

"ಇದಕ್ಕೆ ಬಾಯೇ ಇಲ್ವಲ್ಲಪ್ಪಾ," ಎಂದರು ಅತ್ತೆ ಕನಿಕರದಿಂದ.

"ಸರ್, ಫಾರ್ಮ್ಯಾಟ್ ಮಾಡಿದ್ಮೇಲೆ ಮುಗೀತು," ಎಂದ ಅಪ್‌ಡೇಟ್. "ಅದು ನೀರಲ್ಲಿ ಕರಗಿದ ಸಕ್ಕರೆ. ಮಾಡೋವಾಗ ಸ್ಕ್ರೀನ್ ಮೇಲೆ ಏನೂ ಎಚ್ಚರಿಕೆ ಬರಲಿಲ್ವಾ?"

ಏನೋ ಬಂದಿತ್ತು. ಮಿಂಚಿ ಹೋದ ಆ ಸಣ್ಣ ಸಾಲು! ಕಣ್ಣು ಮುಚ್ಚಿಕೊಂಡು ಅದನ್ನು ನೆನಪಿಸಿಕೊಳ್ಳಲು ಹೆಣಗಿದೆ. ಫಾರ್ಮ್ಯಾಟನ್ನು ರದ್ದು ಮಾಡಲು ಬೇಕಾದ ವಿವರವನ್ನು ಉಳಿಸುತ್ತಿದ್ದೇನೆ, ಅಂತ ಏನೋ ಇತ್ತು. ಆ ಕಾಲದ ಸಾಫ್ಟ್‌ವೇರ್ ಬರೆದ ಪುಣ್ಯಾತ್ಮರು ನನ್ನಂಥವರನ್ನು ಚೆನ್ನಾಗಿ ಬಲ್ಲವರಾಗಿದ್ದರು. ಫಾರ್ಮ್ಯಾಟ್ ಎನ್ನುವ ಆಜ್ಞೆಯ ಜೊತೆಗೇ ಅನ್‌ಫಾರ್ಮ್ಯಾಟ್ ಎನ್ನುವ ಇನ್ನೊಂದನ್ನು ಮಾಡಿಟ್ಟಿದ್ದರು. ಅಳಿಸಿದ ಮೇಲೆ ಫ್ಲಾಪಿಯಲ್ಲಿ ಬೇರೆ ಯಾವ ಫೈಲನ್ನೂ ಬರೆಯದಿದ್ದರೆ ಮಾತ್ರ ಅದು ನಡೆಯುತ್ತದೆ. ನಾನು ಬರೆದಿರಲಿಲ್ಲ. ಮಲಗಿದ್ದೆ! ನನ್ನ ಸೋಮಾರಿತನದಿಂದ ಈ ಮನೆಗೆ ಒಂದು ಉಪಕಾರವಾದದ್ದು ಅದೇ ಮೊದಲು.

ಆ ಆಜ್ಞೆ ಇದ್ದದ್ದು ಎರಡನೆಯ ಬೂದು ಫ್ಲಾಪಿಯಲ್ಲಿ. ತುರುಕಿದೆ. ಓದಲಾಗುತ್ತಿಲ್ಲ ಎಂದಿತು ಕಂಪ್ಯೂಟರು. ನಿಲ್ಲಿಸಲೇ, ಮತ್ತೆ ಪ್ರಯತ್ನಿಸಲೇ, ಸೋಲೊಪ್ಪಲೇ ಎಂದು ಮೂರು ದಾರಿ ಕೊಟ್ಟಿತು. ಬೆನ್ನ ಹಿಂದೆ ಹೆಂಡತಿ, ಅತ್ತೆ ಇಬ್ಬರೂ ನಿಂತಿರುವಾಗ ಮೊದಲನೆಯದೂ ಮೂರನೆಯದೂ ಇದ್ದೂ ಇಲ್ಲದ ದಾರಿಗಳು. ಮತ್ತೆ ಪ್ರಯತ್ನಿಸಿದೆ. ಅದೇ ಪಾಠ ಒಪ್ಪಿಸಿತು. ಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ, ಡ್ರೈವಿನ ಒಳಗಿನ ಕೊಳೆ ಒರೆಸಿದೆ. ಹತ್ತಿ ಕಪ್ಪಾಗಿ ಹೊರಬಂತು. ಮತ್ತೆ ತುರುಕಿದೆ.

ಗರ್ರ್. ಟಕ್. ಟಕ್. ಅಪ್‌ಡೇಟ್ ಉಸಿರು ಬಿಗಿಹಿಡಿದು ನನ್ನ ಹೆಗಲು ಹಿಡಿದುಕೊಂಡ.

"ಸರಿಪಡಿಸಬೇಕಾದ ಫ್ಲಾಪಿಯನ್ನು ಹಾಕಿ," ಎಂದಿತು ಕಂಪ್ಯೂಟರು. ನೀಲಿಯನ್ನು ಹಾಕಿದೆ. ಖಂಡಿತ ಸರಿಪಡಿಸಲೇ ಎಂದು ಕೇಳಿತು. ಹೌದಪ್ಪಾ ಹೌದು, ದಮ್ಮಯ್ಯ! ಡ್ರೈವಿನ ದೀಪ ಹತ್ತಿತು, ಆರಿತು, ಮತ್ತೆ ಹತ್ತಿತು. ಒಳಗೇನಿದೆ ತೋರಿಸು ಎಂದೆ. ನಿನ್ನೆ ಕಂಡ ಆ ವಿಚಿತ್ರ ಜಾತಿಯ ಫೈಲು ತನ್ನ ಜಾಗದಲ್ಲಿ ಏನೂ ಆಗದ ಹಾಗೆ ಕೂತಿತ್ತು. ತೆರೆದೆ. ಪರದೆಯ ತುಂಬ ಮುಖಗಳು ಹಲ್ಲು ಕಿರಿದವು, ಕಂಪ್ಯೂಟರು ಕೀಂ ಕೀಂ ಎಂದಿತು. ಅಷ್ಟು ಚೆಂದದ ಮುಖಗಳನ್ನು ನಾನು ಜೀವಮಾನದಲ್ಲಿ ನೋಡಿರಲಿಲ್ಲ.

ನಾಲ್ವರೂ ಅಂಗಡಿಗೆ ಓಡಿದೆವು. ಅತ್ತೆಯೂ ಬಂದರು, "ನೋಡ್ದೇ ಇರೋಕಾಗುತ್ತಾ?" ಎಂದು. ಮೊದಲ ಸಲ ಹಾರ್ನ್ ಹೊಡೆಯದೆ ಒಳಗೆ ಕಾಲಿಟ್ಟೆ. ಸೂಜಿಗಳ ಸಾಲು ಹೊತ್ತ ಉದ್ದನೆಯ ಮೆಷಿನ್ನು, ಅದರ ಪಕ್ಕದ ಪೆಟ್ಟಿಗೆಯಲ್ಲಿ ಫ್ಲಾಪಿಯ ಬಾಯಿ, ಅದರ ಕೆಳಗೆ ಸ್ಟ್ಯಾಂಡಿನಲ್ಲಿ ನನ್ನ ನೀಲಿ ಫ್ಲಾಪಿಗಳು! ಒಂದರ ಮೇಲೆ ಪುಸ್ತಕದ ಚಿತ್ರ, ಒಂದರ ಮೇಲೆ ಹಲ್ಲಿನ ಚಿತ್ರ, ಒಂದರ ಮೇಲೆ ಬಸ್ಸು. ಹೆಂಡತಿ ಬೆಂಕಿಯನ್ನು ಒಳಗಿಟ್ಟಳು. ಮೆಷಿನ್ನಿನ ಪುಟ್ಟ ಪರದೆಯಲ್ಲಿ ಜ್ವಾಲೆ ಎದ್ದಿತು, ಜ್ವಾಲೆಗೊಂದು ಏಣಿ ಒರಗಿತು. ಸೂಜಿಗಳು ಒಮ್ಮೆಲೇ ಟಕಟಕ ಶುರು ಮಾಡಿದವು, ಖಾಕಿ ಅಂಗಿಯ ಮೇಲೆ ಕೆಂಪು ದಾರ ಬೆಳೆಯತೊಡಗಿತು. ಅವಳು ಮೆಷಿನ್ನಿನ ಮೇಲೆ ಕೈಯಿಟ್ಟುಕೊಂಡು ಒಂದು ದೊಡ್ಡ ಉಸಿರು ಬಿಟ್ಟಳು. ನನಗೂ ಆಗಲೇ ಉಸಿರು ಬಂದದ್ದು.

ಅಲ್ಲಿಂದ ಸಂಜೆಯವರೆಗೆ ನಾನು ಅಂಗಿ ಮಡಚಿದೆ, ಅತ್ತೆ ದಾರದ ತುದಿ ಕತ್ತರಿಸಿದರು, ಅಪ್‌ಡೇಟ್ ಆ ಮೆಷಿನ್ನಿನ ಮುಂದೆ ಕುಕ್ಕರಗಾಲಲ್ಲಿ ಕೂತು ಫೋಟೋ ತೆಗೆದ. ಠಾಣಾಧಿಕಾರಿ ಬಂದಾಗ ಕೊನೆಯ ಅಂಗಿ ಇನ್ನೂ ಬೆಚ್ಚಗಿತ್ತು. ಅವರು ಲಾಂಛನದ ಮೇಲೆ ಬೆರಳಾಡಿಸಿ, "ಮೇಡಂ, ಅಚ್ಚುಕಟ್ಟಾಗಿದೆ. ಉಳಿದ ಠಾಣೆಗಳದ್ದೂ ನೀವೇ ಮಾಡಿ," ಎಂದರು. ಅಪ್‌ಡೇಟ್‌ಗೆ ಬಾಯಿ ಸುಮ್ಮನಿರಲಿಲ್ಲ. ನಡೆದದ್ದನ್ನೆಲ್ಲ ಒದರಿ, "ಇವರೇ ಸರ್ ಉಳಿಸಿದ್ದು," ಎಂದು ನನ್ನನ್ನು ಮುಂದೆ ತಳ್ಳಿದ.

"ಹೌದು," ಎಂದಳು ಹೆಂಡತಿ. "ಹಚ್ಚಿದವರೂ ಇವರೇ, ಆರಿಸಿದವರೂ ಇವರೇ."

ಠಾಣಾಧಿಕಾರಿ ನಕ್ಕು ನನಗೆ ಸೆಲ್ಯೂಟ್ ಹೊಡೆದರು. ಹಿಂದಿನ ಮಾತನ್ನು ಬಿಟ್ಟು ಆ ಸೆಲ್ಯೂಟನ್ನು ಮಾತ್ರ ನಾನು ನೆನಪಿಟ್ಟುಕೊಂಡಿದ್ದೇನೆ.

ಸೋಮವಾರ ಕಚೇರಿಯಲ್ಲಿ ನನ್ನದೇ ದರ್ಬಾರು. ಅಪ್‌ಡೇಟ್ ಊಟದ ಮೇಜಿನಲ್ಲಿ ಎದ್ದು ನಿಂತು, "ಸರ್, ಫ್ಲಾಪಿ ಬದುಕಿದೆ. ಸೋತೆ," ಎಂದು ಕೈಮುಗಿದ. ಚಹಾ ಕೇಳದೆಯೇ ಬಂತು. ಮೇಲಧಿಕಾರಿಗಳು ತಮ್ಮ ಕೋಣೆಗೆ ಕರೆಸಿ, ತಮ್ಮ ಮಗನ ಮದುವೆಯ ಫೋಟೋಗಳು ಹಳೆಯ ಫ್ಲಾಪಿಯಲ್ಲಿವೆ, ನೋಡಿಕೊಡಬಹುದೇ ಎಂದು ವಿನಯದಿಂದ ಕೇಳಿದರು. ನೋಡೋಣ, ಎಂದೆ, ದೊಡ್ಡ ವೈದ್ಯರು ಹೇಳುವ ಹಾಗೆ. ಮನೆಗೆ ನಡೆದು ಹೋಗುವಾಗ ನನ್ನ ಕಾಲು ನೆಲದ ಮೇಲಿರಲಿಲ್ಲ.

ಬಾಗಿಲು ತೆರೆದೆ. ಕಿಟಕಿಯ ಪಕ್ಕದ ಮೂಲೆಯಲ್ಲಿ ಮೇಜೂ ಇಲ್ಲ, ಕಂಪ್ಯೂಟರೂ ಇಲ್ಲ. ಕೆಂಪು, ಹಳದಿ, ಹಸಿರು ದಾರದ ಉಂಡೆಗಳು ಸೂರಿನವರೆಗೆ ಸಾಲಾಗಿ ಕೂತಿದ್ದವು. ಅವುಗಳ ನಡುವೆ ನನ್ನ ಈಜಿಚೇರಿಗೆ ಮಾತ್ರ ಜಾಗವಿತ್ತು.

"ನೀನು ಮಾತು ಕೊಟ್ಟಿದ್ದೆ," ಎಂದೆ. "ಕೆಲಸ ಮಾಡಿದ್ರೆ ಗುಜರಿಗೆ ಹಾಕಲ್ಲ ಅಂದಿದ್ದೆ."

"ಹಾಕಿಲ್ಲ. ಅಂಗಡಿಗೆ ತಗೊಂಡು ಹೋದೆ. ಇನ್ನು ಒಂದೊಂದು ಠಾಣೆದೂ ಒಂದೊಂದು ಡಿಸೈನು. ಅಳಿಸಿದ್ದನ್ನ ವಾಪಸ್ ತರೋ ಮೆಷಿನ್ನು ಕೈಯಳತೇಲಿದ್ರೆ ಒಳ್ಳೇದಲ್ವಾ?"

"ಅದು ನನ್ನದು ಕಣೇ. ಮನೇಲಿ ಇರಬೇಕಾದ್ದು."

"ಅದು ಕೆಲಸ ಮಾಡುತ್ತೆ ಅಂತ ನೀವೇ ತೋರಿಸಿಕೊಟ್ರಲ್ಲ," ಎಂದಳು, ನಿಜವಾದ ಪ್ರೀತಿಯಿಂದ. "ಕೆಲಸ ಮಾಡೋದನ್ನ ಮನೇಲಿ ಯಾಕೆ ಸುಮ್ಮನೆ ಕೂರಿಸ್ಲಿ? ಸುಮ್ಮನೆ ಕೂರೋಕೆ ನೀವಿದ್ದೀರಲ್ಲ."

ಇದಕ್ಕೆ ತಕ್ಕ ಉತ್ತರ ಹೊಳೆಯುವವರೆಗೆ ಕೂತಿರೋಣವೆಂದು ಈಜಿಚೇರಿಯಲ್ಲಿ ಒರಗಿದೆ. ಎರಡು ದಿನದ ದಿಗ್ವಿಜಯದ ಆಯಾಸ, ರೆಪ್ಪೆ ತಾನಾಗಿ ಅಂಟಿಕೊಂಡಿತು. ಅರೆನಿದ್ದೆಯಲ್ಲಿ ಯಾರೋ ನನ್ನ ಮೇಲೆ ಏನನ್ನೋ ಹೊದಿಸಿದ ಹಾಗಾಯಿತು. ಕಣ್ಣು ಬಿಟ್ಟರೆ ಎದುರಿಗೆ ಅತ್ತೆ, ನನ್ನ ಕುತ್ತಿಗೆಯವರೆಗೂ ಆ ಹೂವಿನ ಚಿತ್ರದ ಬೆಡ್‌ಶೀಟು.

"ಮಲಗಿ ಅಳಿಯಂದ್ರೇ," ಎಂದರು, ಅಂಚನ್ನು ಸರಿಯಾಗಿ ಸಿಕ್ಕಿಸುತ್ತಾ. "ಧೂಳು ಕೂರದಿರಲಿ."